ಕಂತಿನ ದಿನ

ಕೇಳುಗರೇ, ನಮಸ್ಕಾರ.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದ ಸುದ್ದಿ ನೀವೂ ಕೇಳಿರುತ್ತೀರಿ. ಮೈಕ್ರೊ ಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ, ವಸೂಲಿಗೆ ಬರುವವರ ಕಾಟ ತಾಳದೆ ಕುಟುಂಬಗಳು ಊರು ಬಿಟ್ಟಿದ್ದವು. ರಾಜ್ಯದ ಬೇರೆ ಕಡೆಗಳಿಂದ ಆತ್ಮಹತ್ಯೆಯ ಸುದ್ದಿಗಳೂ ಬಂದವು. ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಈ ಸಾಲದ ರೀತಿಯೇ ಬೇರೆ. ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಹೆಂಗಸರ ಗುಂಪೇ ಜಾಮೀನು. ಒಬ್ಬರು ಕಟ್ಟದಿದ್ದರೆ ಹೊರೆ ಉಳಿದವರ ಮೇಲೆ. ಹಾಗಾಗಿ ಕಂತು ತಪ್ಪಿದ ದಿನ ಬಾಗಿಲಿಗೆ ಬರುವುದು ಏಜೆಂಟ್ ಒಬ್ಬನೇ ಅಲ್ಲ, ಪಕ್ಕದ ಮನೆಯ ಅಕ್ಕನೂ ಬರುತ್ತಾಳೆ. ಯಾರ ಹತ್ತಿರ ಕಷ್ಟ ಹೇಳಿಕೊಂಡು ಹಗುರಾಗಬೇಕಿತ್ತೋ ಅವರ ಎದುರೇ ತಲೆ ತಗ್ಗಿಸಬೇಕು. ಕಂತು ಕಟ್ಟೋಕೆ ಇನ್ನೊಂದು ಸಂಘದಲ್ಲಿ ಸಾಲ, ಅದನ್ನು ತೀರಿಸೋಕೆ ಮತ್ತೊಂದು. ನಿದ್ದೆ ಎಲ್ಲಿಂದ ಬರಬೇಕು?

ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ಕಡಿಮೆ. ಖಿನ್ನತೆ, ಕಾಯಿಲೆ, ಕುಡಿತ, ಮನೆಯ ಜಗಳ, ಎಲ್ಲ ಸೇರಿಕೊಂಡಿರುತ್ತವೆ. ಆದರೆ 'ಅವನು ಕುಡೀತಿದ್ದ ಬಿಡಿ' ಎಂದು ಮಾತು ಮುಗಿಸುತ್ತೇವಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಕುಡಿತ ಕಾಣುತ್ತದೆ, ಕೈಬಿಟ್ಟ ಮಳೆ, ಸಿಗದ ಕೂಲಿ ಕಾಣುವುದಿಲ್ಲ.

ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ಕೊಡುವ ಯೋಜನೆ ಇದೆ. ಅದು ಜಾರಿಯಾದ ಕಡೆಗಳಲ್ಲಿ ಆತ್ಮಹತ್ಯೆ ಶೇ 18ರಷ್ಟು ಇಳಿದಿದ್ದನ್ನು ಸಂಶೋಧಕರು ಕಂಡರು. ಮಳೆ ಕೈಕೊಟ್ಟು ಬೇಸಾಯದ ಆದಾಯ ಬಿದ್ದಾಗ ಆತ್ಮಹತ್ಯೆ ಹೆಚ್ಚಿದ್ದೂ ಅದೇ ಅಧ್ಯಯನದಲ್ಲಿದೆ. ಅಂದರೆ ಪಡಿತರ, ಪಿಂಚಣಿ, ಉದ್ಯೋಗ ಖಾತ್ರಿಯ ಕೂಲಿ ಸರಿಯಾದ ಹೊತ್ತಿಗೆ ಕೈಸೇರುವುದೂ ಮನಸ್ಸಿನ ಆರೋಗ್ಯದ ಕೆಲಸವೇ ಅಲ್ವಾ?

ಹಾಗಂತ ಚಿಕಿತ್ಸೆ ಬೇಡ ಅನ್ನುತ್ತಿಲ್ಲ. ಖಿನ್ನತೆಗೆ ಔಷಧಿ ಇದೆ, ಗುಣವಾಗುತ್ತದೆ. ಆದರೆ ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿಗೆ ದುಡ್ಡು ಹೊಂದಿಸಬೇಕು. ಹೋದವರನ್ನು ವೈದ್ಯರು 'ಸಾಲ ಎಷ್ಟಿದೆ, ಕಂತು ಯಾವಾಗ' ಎಂದೂ ಕೇಳಬೇಕು. ಕಂತು ಮುಂದೂಡಿಸಲು ಯಾರಾದರೂ ಜೊತೆಗೆ ನಿಂತು ಮಾತಾಡಬೇಕು. ಬರೀ ಮಾತ್ರೆ ಚೀಟಿಯಿಂದ ಏಜೆಂಟ್ ವಾಪಸ್ ಹೋಗುವುದಿಲ್ಲ.

ಬೆದರಿಕೆ ಇದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ, ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಿದ್ದರೆ, 'ಟೆಲಿ ಮಾನಸ್' ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.