ಉತ್ಸಾಹ ಇಲ್ಲದ ಬೆಳಿಗ್ಗೆ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಎಷ್ಟೋ ಮುಖಗಳನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನೋಡಿದ್ದೇನೆ. ಜನವರಿ ಮೊದಲ ವಾರ ತೂಕ ಇಳಿಸಬೇಕು ಅಂತ ನಡೆಯೋಕೆ ಬಂದವರು, ಅಲ್ಲಿ ಎಲ್ಲಿ ನೋಡಿದರೂ ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟ್. ಶಿವರಾತ್ರಿ ಹೊತ್ತಿಗೆ ಮತ್ತೆ ಹಳೆಯ ಮಂದಿಯೇ ಉಳಿದಿರುತ್ತಾರೆ. ಬಿಟ್ಟುಹೋದವರಲ್ಲಿ ಕೆಲವರು ಆಮೇಲೆ ನನ್ನ ಹತ್ತಿರ ಬರುತ್ತಾರೆ. ಹದಿನೆಂಟು ವರ್ಷದಿಂದ ಆಹಾರದ ಬಗ್ಗೆ ಸಲಹೆ ಕೊಡುವುದೇ ನನ್ನ ಕೆಲಸ. ಬಂದವರು ಮೊದಲು ಹೇಳುವ ಮಾತು ಇದು: "ಮೇಡಂ, ನನ್ನ ಮನಸ್ಸು ಗಟ್ಟಿ ಇಲ್ಲ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಐದು ಗಂಟೆಗೆ ಎದ್ದು, ಮೂರು ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಹತ್ತಕ್ಕೆ ಆಫೀಸಿನಲ್ಲಿರುವ ಹೆಂಗಸಿನ ಮನಸ್ಸು ಗಟ್ಟಿ ಇಲ್ಲ ಅಂದರೆ ಇನ್ಯಾರದು ಗಟ್ಟಿ? ಉತ್ಸಾಹ ಅನ್ನೋದು ಹಾಲು ಉಕ್ಕಿದ ಹಾಗೆ. ಉಕ್ಕುತ್ತದೆ, ಇಳಿಯುತ್ತದೆ. ಅದು ಇಳಿದ ದಿನಕ್ಕೆ ನಾವು ಏನೂ ತಯಾರಿ ಮಾಡಿಟ್ಟಿರುವುದಿಲ್ಲ. ತೊಂದರೆ ಇರೋದು ಅಲ್ಲಿ.

ತಯಾರಿ ಅಂದರೆ ಏನು? ಎಣ್ಣೆಯಿಂದ ಶುರು ಮಾಡೋಣ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಬರುತ್ತದೆ ಅಂತ ಇಟ್ಟುಕೊಳ್ಳಿ. ತಲೆಗೆ ದಿನಕ್ಕೆ 40 ಮಿ.ಲೀ.ಗೂ ಜಾಸ್ತಿ ಆಯಿತು. ಒಗ್ಗರಣೆ ಹಾಕುವಾಗಲೆಲ್ಲ ಕೈ ಬಿಗಿ ಹಿಡಿಯಬೇಕು ಅಂದರೆ, ದಿನಕ್ಕೆ ಮೂರು ಸಲ ನಿಮ್ಮ ಜೊತೆ ನೀವೇ ಜಗಳ ಆಡಬೇಕು. ಅದರ ಬದಲು ತಿಂಗಳ ಸಾಮಾನು ತರುವಾಗ 3 ಲೀಟರ್ ಮಾತ್ರ ತನ್ನಿ. ತಲೆಗೆ 25 ಮಿ.ಲೀ. ಬರುತ್ತದೆ. ಒಬ್ಬೊಬ್ಬರಿಗೂ ದಿನಕ್ಕೆ 130 ಕ್ಯಾಲೊರಿಗೂ ಹೆಚ್ಚು ಉಳಿಯಿತು. ಒಲೆ ಮುಂದೆ ತಿಂಗಳಿಡೀ ಆಡಬೇಕಿದ್ದ ಜಗಳ ಅಂಗಡಿಯಲ್ಲಿ ಐದು ನಿಮಿಷಕ್ಕೆ ಮುಗಿಯಿತು.

ಅನ್ನವೂ ಹಾಗೇ. ಎಷ್ಟೋ ಮನೆಗಳಲ್ಲಿ ಅಮ್ಮ ಜಾಸ್ತಿ ತಿನ್ನುವುದು ಹಸಿವಿಗಲ್ಲ, "ಮಿಕ್ಕಿತಲ್ಲ, ಚೆಲ್ಲೋದು ಹೇಗೆ" ಅಂತ. ಅರ್ಧ ಪಾವು ಅಕ್ಕಿ ಕಡಿಮೆ ಇಡಿ, ಪಲ್ಯ ಜಾಸ್ತಿ ಮಾಡಿ. ಮಿಕ್ಕುವುದೇ ಇಲ್ಲ ಅಂದಮೇಲೆ ಆ ಸಂಕಟವೂ ಇಲ್ಲ.

ಒಂದು ಮಾತು ಮರೆಯಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಸಕ್ಕರೆ ಅಂಶ ಇದ್ದಕ್ಕಿದ್ದ ಹಾಗೆ ಇಳಿದುಬಿಡಬಹುದು.

ಈಗ ಮದುವೆ ಊಟಕ್ಕೆ ಬರುತ್ತೇನೆ. ನಾನು ನೋಡಿದ ಹಾಗೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಭಾನುವಾರ ಎಲೆಯ ಮುಂದೆ ಕೂತಿದ್ದೀರಿ. ಎರಡು ಹೋಳಿಗೆ, ಮೇಲೆ ತುಪ್ಪ, ಬೇಡ ಅಂದರೂ ಬಡಿಸಿದ ಚಿರೋಟಿ. ಸೋಮವಾರ ತೂಕದ ಯಂತ್ರ ಹತ್ತಿದರೆ ಒಂದು ಕೆಜಿ ಜಾಸ್ತಿ. "ಎಲ್ಲಾ ಹಾಳಾಯ್ತು" ಅಂತ ಮನಸ್ಸು ಮುದುಡುತ್ತದೆ. ಆದರೆ ಸುಮ್ನೆ ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದು ಊಟದಲ್ಲಿ ಅಷ್ಟು ತಿನ್ನೋಕೆ ಯಾರಿಂದ ಆಗುತ್ತದೆ? ಆ ಒಂದು ಕೆಜಿಯಲ್ಲಿ ಹೆಚ್ಚಿನದು ಉಪ್ಪು ಹಿಡಿದಿಟ್ಟುಕೊಂಡ ನೀರು, ಹೊಟ್ಟೆಯಲ್ಲಿರುವ ಊಟ. ಎರಡು ಮೂರು ದಿನಕ್ಕೆ ಇಳಿಯುತ್ತದೆ.

ಹೋಳಿಗೆಯಿಂದ ಅಷ್ಟೇನೂ ನಷ್ಟ ಆಗಲಿಲ್ಲ. ನಷ್ಟ ಆಗುವುದು ಆಮೇಲಿನ ಮಾತಿನಿಂದ: "ಮುಂದಿನ ಸೋಮವಾರದಿಂದ ನೋಡೋಣ." ಆ ಸೋಮವಾರ ಗಣೇಶನ ಹಬ್ಬ ದಾಟುತ್ತದೆ, ದಸರಾ ದಾಟುತ್ತದೆ, ದೀಪಾವಳಿಗೆ ಬಂದು ನಿಲ್ಲುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭ್ಯಾಸಗಳ ಬಗ್ಗೆ ಒಂದು ಅಧ್ಯಯನ ನಡೆದಿತ್ತು. 2010ರಲ್ಲಿ ಪ್ರಕಟವಾಯಿತು. ಒಂದು ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ ಕೆಲವರಿಗೆ 254 ದಿನ ಬೇಕು ಅಂತ ಅಂದಾಜಾಯಿತು. ನನಗೆ ತುಂಬಾ ಇಷ್ಟವಾದದ್ದು ಅದರಲ್ಲಿನ ಇನ್ನೊಂದು ಸಂಗತಿ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮದುವೆ ಮರುದಿನ ಉಪವಾಸ ಬೇಡ, ಶಿಕ್ಷೆ ಬೇಡ. ಮಾಮೂಲಿ ತಿಂಡಿ, ಮಾಮೂಲಿ ನಡಿಗೆ. ಮನಸ್ಸೇ ಬರಲಿಲ್ಲವಾ? ಚಪ್ಪಲಿ ಮೆಟ್ಟಿಕೊಂಡು ಬೀದಿ ಕೊನೆಯ ತನಕ ಹೋಗಿ ಬನ್ನಿ. ಆ ದಿನಕ್ಕೆ ಅಷ್ಟೇ ಸಾಕು.

ಇನ್ನು ಕೆಲವು ತಿಂಗಳು ಆದಮೇಲೆ ಬರುವ ಹಸಿವು. ಇದನ್ನು ನಿಮಗೆ ಯಾರೂ ಮೊದಲೇ ಹೇಳಿರುವುದಿಲ್ಲ. ತೂಕ ಇಳಿದ ಮೇಲೆ ಹಸಿವು ಹೆಚ್ಚುತ್ತದೆ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ತೂಕ ಇಳಿಸಿ ಒಂದು ವರ್ಷ ಆದಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಕಳೆದುಕೊಂಡದ್ದನ್ನು ಮತ್ತೆ ಗಳಿಸಿಕೊಳ್ಳೋಕೆ ದೇಹ ನೋಡುತ್ತಿರುತ್ತದೆ. ಆಗ "ನಾನೇ ಹೊಟ್ಟೆಬಾಕಿ" ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ದಿನಗಳಿಗೆ ಮೊಳಕೆ ಕಾಳು, ಮಜ್ಜಿಗೆ, ಹುರಿಗಡಲೆ ಕೈಗೆ ಸಿಗುವ ಹಾಗೆ ಇರಲಿ. ಕೋಡುಬಳೆ ಡಬ್ಬಿ ಅಟ್ಟದ ಮೇಲಿರಲಿ.

ತೂಕ ಅಲ್ಲಾಡದೆ ನಿಂತರೂ ನಡಿಗೆ ವ್ಯರ್ಥ ಅಲ್ಲ. ಚೆನ್ನೈನ ವೈದ್ಯರು 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಬಂತು. ಅವರೆಲ್ಲ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಕಾಯಿಲೆ ಬರುವ ಪ್ರಮಾಣ ಶೇ. 28.5ರಷ್ಟು ಕಡಿಮೆಯಾಯಿತು. ತೂಕ ಮಾತ್ರ ಅಷ್ಟಾಗಿ ಇಳಿದಿರಲಿಲ್ಲ! ಇದನ್ನು ಓದಿದ ಮೇಲೆ ನಾನು ಸಲಹೆ ಕೊಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಈಗ ಬಂದವರಿಗೆ "ಎಷ್ಟು ಕೆಜಿ ಇಳಿಸಬೇಕು" ಅಂತ ಮೊದಲು ಕೇಳುವುದಿಲ್ಲ. "ಮೈ ಹಗುರಾದರೆ ಏನು ಮಾಡಬೇಕು ಅಂತ ಆಸೆ" ಅಂತ ಕೇಳುತ್ತೇನೆ.

ಒಬ್ಬ ಅಕ್ಕ "ರಂಗೋಲಿ" ಅಂದರು. ಮಂಡಿನೋವಿಗೆ ಬಗ್ಗೋಕೆ ಆಗದೆ ಎರಡು ವರ್ಷದಿಂದ ಬಾಗಿಲಿಗೆ ಸ್ಟಿಕರ್ ಅಂಟಿಸಿದ್ದರು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ ಅಂತ ಅವರಿಗೆ ಹೇಳಿದೆ. ವರ್ಷದಲ್ಲಿ ಆರು ಕೆಜಿ ಇಳಿಸಿದರು. ನಡುವೆ ಎರಡು ಸಲ ನಿಂತು, ಎರಡು ಸಲ ಮತ್ತೆ ಶುರು ಮಾಡಿದರು. ಮೊನ್ನೆ ಬಂದಿದ್ದರು. "ಮೂರು ತಿಂಗಳಿಂದ ತೂಕ ಅಲ್ಲೇ ನಿಂತಿದೆ ಮೇಡಂ" ಅಂದರು. ಆಮೇಲೆ ಫೋನ್ ತೆಗೆದು, ಧನುರ್ಮಾಸದಲ್ಲಿ ಬಿಡಿಸಿದ ರಂಗೋಲಿಗಳನ್ನು ಒಂದೊಂದಾಗಿ ತೋರಿಸಿದರು.