ಫೈಲ್ ನೇಮ್ ಎಂಬ ಉದ್ದ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರವಿರಲಿ, ಬದಿಯಡ್ಕವಿರಲಿ, ಕೇರಳದ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿ ಮುಗಿದಿರುತ್ತದೆ. ಸ್ಕ್ಯಾನ್ ಮಾಡಿಟ್ಟ ತೀರ್ವೆ, ಅಂದರೆ ತೆರಿಗೆ, ರಶೀದಿ ಮಾತ್ರ ಕೈಗೆ ಸಿಗುವುದಿಲ್ಲ. ಇವತ್ತಿನ ಮಾತು ಆ ಹುಡುಕಾಟದ್ದು.

ಅಪ್‌ಲೋಡ್ ಒತ್ತಿದಾಗ, ಅಥವಾ ಕಂಟ್ರೋಲ್ ಜತೆಗೆ ಓ ಒತ್ತಿದಾಗ ತೆರೆಯುವ ಕಿಟಕಿಯನ್ನು ನೆನಪಿಸಿಕೊಳ್ಳಿ. ವಿಂಡೋಸ್‌ನಲ್ಲಿ ಅದರ ಕೆಳಗೆ ಫೈಲ್ ನೇಮ್ ಎಂಬ ಉದ್ದ ಪೆಟ್ಟಿಗೆ ಇದೆ. ಪಾಪ, ಅದನ್ನು ಮುಟ್ಟುವವರೇ ಕಡಿಮೆ. ಅಲ್ಲಿ ಒಂದು ನಕ್ಷತ್ರದ ಗುರುತು ಹಾಕಿ. ಶಿಫ್ಟ್ ಹಿಡಿದು, ಅಕ್ಷರಗಳ ಮೇಲಿನ ಸಾಲಿನ ಎಂಟನ್ನು ಒತ್ತಿದರೆ ಬರುತ್ತದೆ. ನೆನಪಿರುವಷ್ಟು ಹೆಸರು ಬರೆದು, ಮತ್ತೊಂದು ನಕ್ಷತ್ರ ಹಾಕಿ ಎಂಟರ್ ಒತ್ತಿ. ನಕ್ಷತ್ರ, ಟ್ಯಾಕ್ಸ್, ನಕ್ಷತ್ರ. ಫೋಲ್ಡರಿನಲ್ಲಿ ಮುನ್ನೂರು ಫೈಲುಗಳಿದ್ದರೂ ಹೆಸರಿನಲ್ಲಿ ಎಲ್ಲಿಯಾದರೂ ಟ್ಯಾಕ್ಸ್ ಇರುವವಷ್ಟೇ ಉಳಿಯುತ್ತವೆ. ಒಳಗಿನ ಫೋಲ್ಡರುಗಳನ್ನು ಇದು ಕೆದಕುವುದಿಲ್ಲ. ಅದಕ್ಕೆ ಮೇಲೆ ಬಲಕ್ಕಿರುವ ಸರ್ಚ್ ಬೇಕು. ಎಲ್ಲ ಫೈಲುಗಳೂ ಮತ್ತೆ ಕಾಣಬೇಕಾದರೆ ಬರೀ ನಕ್ಷತ್ರ, ಎಂಟರ್.

ಅದೇ ಪೆಟ್ಟಿಗೆಯಲ್ಲಿ ಎರಡು ಚುಕ್ಕಿ ಹಾಕಿ ಎಂಟರ್ ಒತ್ತಿದರೆ ಒಂದು ಫೋಲ್ಡರ್ ಮೇಲಕ್ಕೆ ಹೋಗುತ್ತೀರಿ. ಫೈಲು ಇನ್ನೊಂದು ಕಿಟಕಿಯಲ್ಲಿ ಕಣ್ಣೆದುರೇ ಇದ್ದರೆ ಹುಡುಕುವುದೇ ಬೇಡ. ಶಿಫ್ಟ್ ಹಿಡಿದು ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಕಾಪಿ ಆಸ್ ಪಾತ್ ಆರಿಸಿ, ತಂದು ಇಲ್ಲಿ ಪೇಸ್ಟ್ ಮಾಡಿ. ಎರಡೂ ಕಡೆ ಉದ್ಧರಣ ಚಿಹ್ನೆ ಬರುತ್ತದೆ, ಅದನ್ನು ಅಳಿಸಬೇಕಾಗಿಲ್ಲ.

ಈಗಷ್ಟೇ ಸ್ಕ್ಯಾನ್ ಮಾಡಿದ್ದಾದರೆ, ಡೀಟೇಲ್ಸ್ ನೋಟದಲ್ಲಿ ಡೇಟ್ ಮಾಡಿಫೈಡ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಹೊಸದು ಮೇಲೆ ಬಾರದಿದ್ದರೆ ಇನ್ನೊಮ್ಮೆ.

ಫೈಲು ಅಲ್ಲೇ ಇದೆ, ಆದರೂ ಕಾಣುವುದಿಲ್ಲ ಎಂಬ ದೂರು ಇದೆಯಲ್ಲ, ಅದಕ್ಕೆ ಬಹುಮಟ್ಟಿಗೆ ಕಾರಣ ಹೆಸರಿನ ಪೆಟ್ಟಿಗೆಯ ಬಲಕ್ಕಿರುವ ಫೈಲಿನ ಬಗೆಯ ಪಟ್ಟಿ. ಜಾಲತಾಣ ಪಿಡಿಎಫ್ ಕೇಳಿದೆ, ನಿಮ್ಮ ಸ್ಕ್ಯಾನು ಜೆಪಿಜಿ. ಹಾಗಾಗಿ ಕಿಟಕಿ ಅದನ್ನು ಮರೆಮಾಡಿದೆ. ಆಲ್ ಫೈಲ್ಸ್ ಆರಿಸಿದರೆ ಕಾಣಿಸೀತು, ಜಾಲತಾಣ ಒಪ್ಪಲಾರದು. ಹೆಸರಿನ ಬಾಲವನ್ನು ಪಿಡಿಎಫ್ ಎಂದು ತಿದ್ದಿ ಕಳಿಸುವ ಜಾಣತನವೂ ನಡೆಯುವುದಿಲ್ಲ, ಒಳಗಿರುವುದು ಜೆಪಿಜಿಯೇ ತಾನೆ. ಚಿತ್ರವನ್ನು ತೆರೆದು, ಪ್ರಿಂಟ್‌ಗೆ ಹೋಗಿ, ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿ ಹೊಸ ಫೈಲು ಮಾಡಿಕೊಳ್ಳಿ.

ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಬಳಸುವ, ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಲಿನಕ್ಸ್‌ನಲ್ಲಿ ಮಾತ್ರ ಈ ಉದ್ದ ಪೆಟ್ಟಿಗೆಯನ್ನು ಹುಡುಕಬೇಡಿ. ಅಲ್ಲಿನ ಓಪನ್ ಕಿಟಕಿಯಲ್ಲಿ ಸುಮ್ಮನೆ ಹೆಸರು ಟೈಪ್ ಮಾಡತೊಡಗಿದರೆ ಹುಡುಕಾಟ ತಾನಾಗಿ ಶುರು. ಕಂಟ್ರೋಲ್ ಜತೆಗೆ ಎಲ್ ಒತ್ತಿದರೆ ಫೋಲ್ಡರಿನ ದಾರಿ ಬರೆಯುವ ಜಾಗ ತೆರೆಯುತ್ತದೆ. ನಕ್ಷತ್ರ ಅಲ್ಲಿ ಬೇಕಿಲ್ಲ.