ಸುದ್ದಿ ಯಾವುದು, ಬರೀ ಸದ್ದು ಯಾವುದು?

ಕೇಳುಗರಿಗೆ ನಮಸ್ಕಾರ. ತಿಂಗಳ ಕೊನೆಗೆ ವರದಿ ಹಿಡಿದುಕೊಂಡು ಮೀಟಿಂಗಿಗೆ ಹೋಗುವವರು, ಆ ಮೀಟಿಂಗ್ ಕರೆಯುವವರು, ಇಬ್ಬರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಕರೆಯುವವರು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಕೇಳಬೇಕು.

ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪರದೆಯ ಮೇಲೆ ಎರಡು ಅಂಕಿ. ಹೋದ ತಿಂಗಳು ಇಷ್ಟು, ಈ ತಿಂಗಳು ಇಷ್ಟು. ಏರಿದ್ದರೆ ಹಸಿರು ಬಾಣ, ಇಳಿದಿದ್ದರೆ ಕೆಂಪು ಬಾಣ. ಕೆಂಪು ಕಂಡ ಕೂಡಲೇ ಪ್ರಶ್ನೆ: "ಯಾಕೆ ಇಳಿಯಿತು?" ದೊಡ್ಡವರು ಕೇಳಿದ ಮೇಲೆ ಉತ್ತರ ಕೊಡಲೇಬೇಕಲ್ಲ. ಪಾಪ, ಯಾರೋ ಒಬ್ಬರು ಅಲ್ಲೇ ಒಂದು ಕಾರಣ ಹುಟ್ಟಿಸುತ್ತಾರೆ. ರಜೆ ಜಾಸ್ತಿ ಇತ್ತು ಸಾರ್, ಇಬ್ಬರು ಹೊಸಬರು ಸೇರಿದ್ದಾರೆ ಸಾರ್, ಸಿಸ್ಟಮ್ ನಿಧಾನವಾಗಿತ್ತು ಸಾರ್. ಮುಂದಿನ ತಿಂಗಳು ಅಂಕಿ ತಾನಾಗಿಯೇ ಏರುತ್ತದೆ. ಆಗ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ.

ನನಗೆ ಹೇಳುವುದಕ್ಕೆ ಇರುವುದು ಒಂದೇ ಮಾತು. ಎರಡು ಅಂಕಿ ನೋಡಿ ಕಾರಣ ಕೇಳಬೇಡಿ. ಇದನ್ನೇ ಇನ್ನೂ ಕೆಲವು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾವ ಕೆಲಸದ ಅಂಕಿಯೂ ಒಂದೇ ಕಡೆ ನಿಲ್ಲುವುದಿಲ್ಲ. ಕೆಲಸ ಹಾಗೇ ಇರುತ್ತದೆ, ಮಾಡುವವರೂ ಅವರೇ, ಆದರೂ ಅಂಕಿ ಅಲ್ಲಾಡುತ್ತಲೇ ಇರುತ್ತದೆ. ನೂರಾರು ಸಣ್ಣ ಸಣ್ಣ ಕಾರಣಗಳು ಸೇರಿ ಅದನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತವೆ. ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ನಿಮ್ಮ ರೇಡಿಯೊದಲ್ಲಿ ಬರುವ ಗೊರಗೊರ ಸದ್ದು ಇದೆಯಲ್ಲ, ಹಾಗೆ. ಆ ಸದ್ದಿನ ನಡುವೆ ಒಮ್ಮೊಮ್ಮೆ ನಿಜವಾದ ಸುದ್ದಿಯೂ ಇರುತ್ತದೆ. ಸದ್ದನ್ನೇ ಸುದ್ದಿ ಅಂದುಕೊಂಡು ಓಡಾಡುವುದು ಒಂದು ತಪ್ಪು. ಸುದ್ದಿಯನ್ನು ಸದ್ದು ಅಂದುಕೊಂಡು ಕೂತಿರುವುದು ಇನ್ನೊಂದು ತಪ್ಪು. ಎರಡನ್ನೂ ಆದಷ್ಟು ತಪ್ಪಿಸುವುದಕ್ಕೆ ಒಂದು ಸಾಧನ ಇದೆ, ಅದಕ್ಕೆ ಕಂಟ್ರೋಲ್ ಚಾರ್ಟ್ ಅನ್ನುತ್ತಾರೆ. ಅಂಕಿಗಳನ್ನು ಬಂದ ಕ್ರಮದಲ್ಲಿ ಚುಕ್ಕೆ ಇಟ್ಟು, ಮಾಮೂಲಿ ಏರುಪೇರು ಎಲ್ಲಿಯವರೆಗೆ ಅಂತ ಮೇಲೊಂದು ಕೆಳಗೊಂದು ಮಿತಿಯ ಗೆರೆ ಎಳೆದ ಚಿತ್ರ ಅದು. ಹೊಸದೇನಲ್ಲ, ನೂರು ವರ್ಷ ದಾಟಿದೆ.

1924ರ ಮೇ ತಿಂಗಳು. ಅಮೆರಿಕದಲ್ಲಿ ಬೆಲ್ ಟೆಲಿಫೋನ್‌ಗೆ ಉಪಕರಣ ಮಾಡಿಕೊಡುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಾಲ್ಟರ್ ಶೂಹಾರ್ಟ್ ಅಂತ ಒಬ್ಬರಿದ್ದರು. ಓದಿದ್ದು ಭೌತಶಾಸ್ತ್ರ. ಅವರು ತಮ್ಮ ಮೇಲಧಿಕಾರಿಗೆ ಒಂದೇ ಪುಟದ ಟಿಪ್ಪಣಿ ಕಳಿಸಿದರು. ಅದರಲ್ಲೂ ಮೂರನೇ ಒಂದು ಭಾಗ ಚಿತ್ರ. ಆ ಚಿತ್ರವೇ ಮೊದಲ ಕಂಟ್ರೋಲ್ ಚಾರ್ಟ್. ಸಣ್ಣ ಏರುಪೇರಿಗೆಲ್ಲ ಯಂತ್ರದ ತಿರುಪು ತಿರುಗಿಸುತ್ತಾ ಹೋದರೆ ಏರುಪೇರು ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ ಅನ್ನುವುದನ್ನು ಶೂಹಾರ್ಟ್ ಕಂಡುಕೊಂಡಿದ್ದರು. ಯಂತ್ರಕ್ಕೆ ಹೇಳಿದ್ದು ಮನುಷ್ಯರ ಕೆಲಸಕ್ಕೂ ಸರಿ.

ಶೂಹಾರ್ಟ್ ಅವರಿಂದ ಕಲಿತವರು ಎಡ್ವರ್ಡ್ಸ್ ಡೆಮಿಂಗ್. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಕಂಪನಿಯ ಮುಖ್ಯಸ್ಥರಿಗೂ ಪಾಠ ಹೇಳಿದವರು. ಅವರು ತಮ್ಮ ತರಗತಿಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ನನ್ನ ತರಬೇತಿಗಳಲ್ಲಿ ನಾನೂ ಅದನ್ನೇ ಆಡಿಸುತ್ತೇನೆ, ಎಷ್ಟು ಸಲ ಆಡಿಸಿದರೂ ಬೇಜಾರಾಗಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಿಡಿ.

ಒಂದು ಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ಮಣಿ. 3,200 ಬಿಳಿ, 800 ಕೆಂಪು. ಒಂದು ಹಲಗೆ, ಅದರಲ್ಲಿ 50 ಗುಳಿ. ಹಲಗೆಯನ್ನು ಮಣಿಗಳ ಒಳಗೆ ಅದ್ದಿ ಎತ್ತಿದರೆ ಒಂದೊಂದು ಗುಳಿಯಲ್ಲೂ ಒಂದೊಂದು ಮಣಿ ಕೂರುತ್ತದೆ. ಇಷ್ಟೇ ಕೆಲಸ. ಗಿರಾಕಿಗೆ ಬೇಕಾಗಿರುವುದು ಬಿಳಿ ಮಣಿ. ಕೆಂಪು ಬಂದರೆ ಅದು ದೋಷ.

ಸಭೆಯಿಂದಲೇ ಆರು ಜನರನ್ನು ಕೆಲಸಗಾರರಾಗಿ ಕರೆಯುತ್ತಾರೆ. ಕೆಂಪು ಮಣಿ ಎಣಿಸುವುದಕ್ಕೆ ಇಬ್ಬರು ಇನ್‌ಸ್ಪೆಕ್ಟರುಗಳು. ಒಬ್ಬರ ಎಣಿಕೆಯನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಇಬ್ಬರ ಲೆಕ್ಕವನ್ನೂ ತಾಳೆ ನೋಡುವುದಕ್ಕೆ ಒಬ್ಬ ಮುಖ್ಯ ಇನ್‌ಸ್ಪೆಕ್ಟರು. ಬರೆದುಕೊಳ್ಳುವುದಕ್ಕೆ ಒಬ್ಬರು. ಡೆಮಿಂಗ್ ಅವರೇ ಫೋರ್‌ಮನ್. ಹಲಗೆಯನ್ನು ಹೇಗೆ ಅದ್ದಬೇಕು, ಎತ್ತುವಾಗ ಎಷ್ಟು ಓರೆ ಹಿಡಿಯಬೇಕು, ಎಲ್ಲಕ್ಕೂ ನಿಯಮ. 44 ಡಿಗ್ರಿ! 45 ಅಲ್ಲ, 44. ಗಂಭೀರವಾಗಿ ಹೇಳುತ್ತಿದ್ದರು. ಯಾರೂ ನಗುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗೂ ಇಲ್ಲ.

ಮೊದಲ ದಿನದ ಕೆಲಸ ಶುರು. ಒಬ್ಬರಿಗೆ ಐದು ಕೆಂಪು, ಇನ್ನೊಬ್ಬರಿಗೆ ಹದಿನಾಲ್ಕು ಅಂದುಕೊಳ್ಳಿ. ಐದು ಬಂದವರಿಗೆ ಫೋರ್‌ಮನ್‌ನಿಂದ ಶಹಬ್ಬಾಸ್, ಸಂಬಳದಲ್ಲಿ ಏರಿಕೆ. ಹದಿನಾಲ್ಕು ಬಂದವರಿಗೆ ಎಚ್ಚರಿಕೆ. "ಅವರಿಗೆ ಆಗುತ್ತೆ, ನಿಮಗೆ ಯಾಕೆ ಆಗಲ್ಲ?" ಎರಡನೇ ದಿನ ಹೊಗಳಿಸಿಕೊಂಡವರಿಗೆ ಹನ್ನೊಂದು ಬರುತ್ತದೆ. ಫೋರ್‌ಮನ್‌ಗೆ ಸಿಟ್ಟು: ಸಂಬಳ ಜಾಸ್ತಿ ಆದ ಕೂಡಲೇ ತಲೆಗೆ ಏರಿಬಿಟ್ಟಿತು. ಬೈಸಿಕೊಂಡವರಿಗೆ ಎಂಟು ಬರುತ್ತದೆ. ಫೋರ್‌ಮನ್‌ಗೆ ಖುಷಿ: ನೋಡಿದಿರಾ, ಬೈದರೆ ಕೆಲಸ ಆಗುತ್ತದೆ. ಮೂರನೇ ದಿನ ಗೋಡೆಗೆ ಘೋಷಣೆ ಅಂಟಿಸುತ್ತಾರೆ, ಇವತ್ತು ಒಂದೂ ದೋಷ ಇರಬಾರದು ಅಂತ. ಕೆಂಪು ಮಣಿ ಎಂದಿನಂತೆ ಬರುತ್ತದೆ. ಕೊನೆಗೆ ಆಡಳಿತ ಮಂಡಳಿ ದೊಡ್ಡ ತೀರ್ಮಾನ ಮಾಡುತ್ತದೆ. ಆರರಲ್ಲಿ ಒಳ್ಳೆಯ ಮೂವರನ್ನು ಉಳಿಸಿಕೊಂಡು, ಉಳಿದ ಮೂವರನ್ನು ಮನೆಗೆ ಕಳಿಸಿ, ನಾಲ್ಕನೇ ದಿನ ಒಳ್ಳೆಯವರಿಂದಲೇ ಎರಡೆರಡು ಪಾಳಿ ಮಾಡಿಸುವುದು. ಪೆಟ್ಟಿಗೆಗೆ ಈ ತೀರ್ಮಾನ ಗೊತ್ತಿಲ್ಲವಲ್ಲ! ಕೆಂಪು ಮಣಿ ಬರುತ್ತಲೇ ಇರುತ್ತದೆ.

ಆಟ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಜಾಸ್ತಿ ಕೆಂಪು ಬಂದವರ ಮುಖ ನಿಜವಾಗಿಯೂ ಸಪ್ಪಗಾಗುತ್ತದೆ. ಕೆಲವರು ಮುಂದಿನ ಸಲ ಹಲಗೆಯನ್ನು ತುಂಬಾ ಹುಷಾರಾಗಿ ಅದ್ದುತ್ತಾರೆ. ನೋಡುವವರೂ ಕಡಿಮೆಯಿಲ್ಲ, ಆ ಮೂರನೆಯವರಿಗೆ ಕೈಗುಣ ಇದೆ ಅಂತ ಪಿಸುಗುಟ್ಟುತ್ತಾರೆ. ಇವರೆಲ್ಲ ಓದಿದವರು, ಆಫೀಸು ನಡೆಸುವವರು!

ಈಗ ಲೆಕ್ಕ ಹಾಕಿ. ಐದರಲ್ಲಿ ಒಂದು ಕೆಂಪು, ಗುಳಿ ಐವತ್ತು. ಸರಾಸರಿ ಹತ್ತರ ಆಸುಪಾಸು. ಶೂಹಾರ್ಟ್ ಅವರ ಸೂತ್ರದ ಪ್ರಕಾರ ಮಿತಿ ಕಟ್ಟಿದರೆ 2ರಿಂದ 18ರವರೆಗೆ ಯಾವ ಅಂಕಿ ಬಂದರೂ ಅದು ಪೆಟ್ಟಿಗೆಯ ಮಾತು, ಕೆಲಸಗಾರರ ಮಾತಲ್ಲ. ಐದು ಬಂದವರೂ ಹದಿನಾಲ್ಕು ಬಂದವರೂ ಒಂದೇ. ಒಬ್ಬರಿಗೆ ಸಂಬಳ ಏರಿತು, ಒಬ್ಬರಿಗೆ ಕೆಲಸ ಹೋಯಿತು. ಎರಡು ಅಂಕಿ ನೋಡಿ ಕಾರಣ ಕೇಳಬೇಡಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಸ್ಟುಡಿಯೊ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಚಾರ್ಟ್ ಹಾಕುವುದು ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ. ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ.

ಒಂದು ಕಚೇರಿಗೆ ವಾರವಾರ ಬಂದ ದೂರುಗಳು ಅಂದುಕೊಳ್ಳಿ: 42, 47, 39, 45, 50, 41, 44, 38, 46, 48. ಬಂದ ಕ್ರಮದಲ್ಲೇ ಚುಕ್ಕೆ ಇಟ್ಟು ಗೆರೆ ಸೇರಿಸಿ. ಸರಾಸರಿ 44, ಅಲ್ಲೊಂದು ಅಡ್ಡಗೆರೆ ಎಳೆಯಿರಿ. ಆಮೇಲೆ ಅಕ್ಕಪಕ್ಕದ ವಾರಗಳ ನಡುವಿನ ವ್ಯತ್ಯಾಸ ಬರೆಯಿರಿ. 42ರಿಂದ 47ಕ್ಕೆ ಐದು, 47ರಿಂದ 39ಕ್ಕೆ ಎಂಟು, ಹೀಗೆ. ಏರಿತೋ ಇಳಿಯಿತೋ ಬೇಡ, ಎಷ್ಟು ಅನ್ನುವುದು ಮಾತ್ರ ಸಾಕು. ಒಂಬತ್ತು ವ್ಯತ್ಯಾಸಗಳ ಸರಾಸರಿ ಸುಮಾರು 5.8. ಅದನ್ನು 2.66ರಿಂದ ಗುಣಿಸಿ. ಈ 2.66 ಎಲ್ಲಿಂದ ಬಂತು ಅಂತ ಇವತ್ತು ಕೇಳಬೇಡಿ, ಸುಮ್ನೆ ಗುಣಿಸಿ. ಸುಮಾರು 15 ಬಂತು. 44ಕ್ಕೆ ಕೂಡಿಸಿದರೆ ಮೇಲಿನ ಮಿತಿ 59, ಕಳೆದರೆ ಕೆಳಗಿನ ಮಿತಿ 29. ಇನ್ನೆರಡು ಗೆರೆ ಎಳೆದರೆ ಚಾರ್ಟ್ ಆಯಿತು. ಕಂಪ್ಯೂಟರೇ ಬೇಕು ಅಂತಿಲ್ಲ, ಚೌಕಳಿ ಕಾಗದ ಸಾಕು.

ಈಗ ಕೊನೆಯ ಮೂರು ವಾರ ನೋಡಿ. 38, 46, 48. ಮೀಟಿಂಗಿನಲ್ಲಿ ಇದನ್ನು ಹೇಗೆ ಹೇಳುತ್ತಾರೆ ಗೊತ್ತಾ? "ಎರಡೇ ವಾರದಲ್ಲಿ ದೂರು ಶೇಕಡಾ 26ರಷ್ಟು ಏರಿದೆ!" ಲೆಕ್ಕ ಸರಿಯೇ ಇದೆ. ಆದರೆ ಚುಕ್ಕೆಗಳೆಲ್ಲ ಗೆರೆಗಳ ಒಳಗೇ ಇವೆ. ಅದು ಸದ್ದು. ಆ ಎರಡು ವಾರಕ್ಕೆ ಅಂತ ಬೇರೆ ಕಾರಣ ಹುಡುಕುವುದು ದಂಡ. ಮುಂದಿನ ವಾರ 63 ಬಂದರೆ ಆಗ ಕೇಳಿ, ತಕ್ಷಣ ಕೇಳಿ, ಬಿಡಬೇಡಿ. ಅದು ಸುದ್ದಿ. ಗೆರೆ ದಾಟದಿದ್ದರೂ ಸತತವಾಗಿ ಎಂಟು ಚುಕ್ಕೆ ಸರಾಸರಿಯ ಒಂದೇ ಪಕ್ಕದಲ್ಲಿ ಬಿದ್ದರೆ ಅದೂ ಸುದ್ದಿ, ಏನೋ ಮೆಲ್ಲಗೆ ಬದಲಾಗಿದೆ ಅಂತ. ಇನ್ನೂ ಕೆಲವು ನಿಯಮ ಇವೆ. ಶುರುವಿಗೆ ಈ ಎರಡೇ ಸಾಕು.

ಬೈದರೆ ಕೆಲಸ ಆಗುತ್ತದೆ ಅಂದಿದ್ದರಲ್ಲ ಫೋರ್‌ಮನ್, ಅವರ ಬಗ್ಗೆ ಒಂದು ಮಾತು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನ್ಮನ್ ಅವರಿಗೆ ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು ಇದನ್ನೇ ಹೇಳಿದ್ದರು. ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾರೆ, ಬೈದರೆ ಸುಧಾರಿಸುತ್ತಾರೆ ಅಂತ. ತುಂಬಾ ಚೆನ್ನಾಗಿ ಬಂದ ಸಲದ ನಂತರದ್ದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ, ತುಂಬಾ ಕೆಟ್ಟದಾದ ಸಲದ ನಂತರದ್ದು ಅದಕ್ಕಿಂತ ಮೇಲೇ ಇರುತ್ತದೆ. ಹೊಗಳಿಕೆ, ಬೈಗುಳ ಯಾವುದೂ ಇಲ್ಲದಿದ್ದರೂ ಹಾಗೇ ಆಗುತ್ತದೆ. ಬೈಯುವವರಿಗೆ ಮಾತ್ರ ಅದು ತಮ್ಮದೇ ಪ್ರತಾಪ ಅನ್ನಿಸುತ್ತದೆ.

ಹಾಗಾದರೆ ಎಲ್ಲ ಚುಕ್ಕೆಯೂ ಒಳಗೇ ಇವೆ, ಆದರೆ ವಾರಕ್ಕೆ 44 ದೂರು ನಮಗೆ ಒಪ್ಪಿಗೆಯಿಲ್ಲ, ಕೈಕಟ್ಟಿ ಕೂರಬೇಕಾ? ಬೇಡ. ಆದರೆ ಆ ವಾರದಲ್ಲಿ ಕೆಲಸಕ್ಕಿದ್ದವರನ್ನು ಕರೆಸಿ ಕೇಳುವುದೂ ಬೇಡ. ಪೆಟ್ಟಿಗೆಯಲ್ಲಿರುವ ಕೆಂಪು ಮಣಿ ಕಡಿಮೆ ಮಾಡಬೇಕು. ಅಂದರೆ ಕೆಲಸದ ರೀತಿಯನ್ನೇ ಬದಲಾಯಿಸಬೇಕು, ಮತ್ತು ಅದು ಮೀಟಿಂಗ್ ಕರೆಯುವವರ ಕೈಯಲ್ಲೇ ಇದೆ.

ಇನ್ನೆರಡು ಮಾತು. ಮಿತಿಯ ಗೆರೆ ಇರಬೇಕಾದ ಜಾಗದಲ್ಲಿ ನಿಮ್ಮ ಗುರಿಯ ಗೆರೆ ಎಳೆಯಬೇಡಿ. ಮಿತಿಯನ್ನು ಕೆಲಸವೇ ಹೇಳುತ್ತದೆ, ಗುರಿ ನಿಮ್ಮ ಆಸೆ. ಮತ್ತೆ, ಗೆರೆಗಳನ್ನು ಪ್ರತಿ ತಿಂಗಳು ಹೊಸದಾಗಿ ಎಳೆಯುತ್ತಾ ಕೂರಬೇಡಿ. ಕೆಲಸದ ರೀತಿ ಬದಲಾಗಿ, ಚಾರ್ಟಿನಲ್ಲೂ ಅದು ಕಂಡ ಮೇಲಷ್ಟೇ ಹೊಸ ಗೆರೆ. ನಮಸ್ಕಾರ.